ಕದಲದ ಗುಂಡಿಗಳು

ಬಾಯಿಗಿಟ್ಟ ತುತ್ತಿನಲ್ಲಿ ಯಾರದೋ ಉದ್ದನೆಯ ಕೂದಲು ಸಿಕ್ಕ ಹಾಗಾಯಿತು ಪುಟ್ಟಿಗೆ. ನುಂಗುವ ಹಾಗಿಲ್ಲ, ಎಲ್ಲರೆದುರು ಉಗುಳುವ ಹಾಗಿಲ್ಲ. ಪರದೆಯ ಮೇಲೆ ಮೂಡಿದ ಮೂರನೆಯ ಚಿತ್ರವನ್ನೇ ನೋಡುತ್ತ ಕೂತುಬಿಟ್ಟಳು.

“ಏನೇ ಅದು? ಮುಖ ಯಾಕೆ ಹಾಗೆ ಸಿಂಡರಿಸ್ಕೊಂಡೆ?” ಎಂದಳು ಪಕ್ಕದಲ್ಲಿದ್ದ ಚಿಕ್ಕಮ್ಮ.

“ಗುಂಡಿಗಳು ಕದಲೇ ಇಲ್ಲ ಚಿಕ್ಕಮ್ಮ.”

“ಯಾವ ಗುಂಡಿ? ನಮ್ಮ ಬೀದೀವಾ? ಅವು ನಾನು ಮದುವೆಯಾಗಿ ಬಂದಾಗಿನಿಂದ ಕದಲಿಲ್ಲ.”

ಬೇರೆ ದಿನವಾಗಿದ್ದರೆ ಪುಟ್ಟಿ ನಗುತ್ತಿದ್ದಳು. ಇವತ್ತು ನಗು ಗಂಟಲ ತನಕ ಬರುವ ಮೊದಲೇ ಹುಳಿಯಾಯಿತು.

ಈ ಪ್ರಯೋಗಾಲಯದಲ್ಲಿ ಅವಳು ಕ್ವಾಂಟಮ್ ಕಂಪ್ಯೂಟರಿನ ಸಂಶೋಧಕಿ. ಪುಟ್ಟಿ ಎನ್ನುವುದು ಮನೆಯವರು ಮಾತ್ರ. ಚಿಕ್ಕಮ್ಮ ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬಾಯಿ ಬಿಡಿಸಿ ಬಿಡಿಸಿ ನಿವೃತ್ತಳಾದವಳು. ಮೊಣಕಾಲು ಸವೆದಿತ್ತು, ಕಣ್ಣು ಸವೆದಿರಲಿಲ್ಲ.

ಯಂತ್ರವನ್ನು ತಣ್ಣಗಿಡುವ ಕೆಲಸದ ಚಳಿರಾಯ ನೈಟ್ರೋಜನ್ ಕೋಣೆಯಲ್ಲಿ ಉಸಿರುಗಟ್ಟಿ ಬಿದ್ದದ್ದು ಸೋಮವಾರ. ಅವತ್ತಿನಿಂದ ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲವಂತೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೈಮುಗಿದು ಅತ್ತಿದ್ದಕ್ಕೆ ಚಿಕ್ಕಮ್ಮ ಏನಾಯಿತೆಂದು ಪತ್ತೆ ಮಾಡುವ ಈ ಕೆಲಸಕ್ಕೆ ಕೈ ಹಾಕಿದ್ದಳು.

ಇವತ್ತು ಮಧ್ಯಾಹ್ನ ವಿಚಾರಣಾ ಸಮಿತಿ ಕೂರುತ್ತದೆ. ಅದರ ಮುಂದೆ ಪುಟ್ಟಿ ಒಂದು ಹೇಳಿಕೆಗೆ ಸಹಿ ಹಾಕಬೇಕು. ಆಕ್ಸಿಜನ್ ಕಡಿಮೆಯಾದರೆ ಕೂಗಬೇಕಾದ ಅಲಾರಮನ್ನು ಚಳಿರಾಯನೇ ಆರಿಸಿಡುತ್ತಿದ್ದ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿದೆ. ಅದನ್ನು ಬರೆದವಳು ಅವಳಲ್ಲ. ಕಂಡವಳೂ ಅಲ್ಲ.

ಸಹಿ ಬಿದ್ದರೆ ತಪ್ಪೆಲ್ಲ ಚಳಿರಾಯನ ತಲೆಗೆ. ಸಂಸ್ಥೆ ಅವನ ಚಿಕಿತ್ಸೆಯಿಂದ ಕೈ ತೊಳೆದುಕೊಳ್ಳುತ್ತದೆ, ಹೆಂಡತಿ ಸಂಸ್ಥೆ ಕೊಟ್ಟ ಮನೆಯಿಂದ ಪಾತ್ರೆಪಗಡೆ ಹೊರಬೇಕಾಗುತ್ತದೆ. ಸಹಿ ಬೀಳದಿದ್ದರೆ ಪುಟ್ಟಿಯ ಡಾಕ್ಟರೇಟು ದೊಡ್ಡವರ ಮೇಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ದೊಡ್ಡವರು ಎಂದರೆ ಈ ಪ್ರಯೋಗಾಲಯದ ಪ್ರೊಫೆಸರು. ಎದುರಿಗೆ ಎಲ್ಲರೂ ಅವರನ್ನು ಸರ್ ಎನ್ನುತ್ತಾರೆ.

“ಸರಿ, ನನ್ನ ದಪ್ಪ ತಲೆಗೆ ಇಳಿಯೋ ಹಾಗೆ ಹೇಳು,” ಎಂದು ಚಿಕ್ಕಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು.

ಪುಟ್ಟಿ ಗಾಜಿನಾಚೆಗೆ ಕೈ ತೋರಿದಳು. ಅಲ್ಲಿ ಆಳೆತ್ತರದ ಬಿಳಿಯ ಪೀಪಾಯಿಯೊಂದು ಕಬ್ಬಿಣದ ಚೌಕಟ್ಟಿನಿಂದ ತೂಗುಬಿದ್ದಿತ್ತು. ಅದರ ಹೊಟ್ಟೆಯೊಳಗೆ ಬಂಗಾರದ ನೀರು ಕೊಟ್ಟ ತಟ್ಟೆಗಳು ಒಂದರ ಕೆಳಗೊಂದು. ಕಟ್ಟಕಡೆಯ ತಟ್ಟೆಯ ಕೆಳಗೆ ಉಗುರಗಲದ ಚಿಪ್. ಲೋಕದ ಯಾವ ಹಿಮದಲ್ಲೂ ಇಲ್ಲದ ಚಳಿ ಅದಕ್ಕೆ ಬೇಕು. ಪಂಪು ಹಗಲಿರುಳು ಚಿಯ್ಯ್, ಚಿಯ್ಯ್ ಎಂದು ಕೂಗುತ್ತಿರುತ್ತದೆ, ಹಸಿದ ಹಕ್ಕಿಮರಿಯ ಹಾಗೆ. ಇಲ್ಲಿ ಕೆಲಸ ಮಾಡುವವರ ಕಿವಿಗೆ ಆ ಸದ್ದು ಕೇಳುವುದೇ ಇಲ್ಲ. ನಿಂತರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

“ಆ ಚಿಪ್ ಮೇಲೆ ಕ್ಯೂಬಿಟ್ ಅಂತಿರುತ್ತೆ. ಲೆಕ್ಕ ಮಾಡೋದು ಅದೇ. ತುಂಬ ಮರೆವಿನ ಕೂಸು. ಹೇಳಿದ್ದನ್ನ ಕಣ್ಣು ಮಿಟುಕಿಸೋದರ ಒಳಗೆ ಮರೆತುಬಿಡುತ್ತೆ. ಎಷ್ಟು ಹೊತ್ತು ನೆನಪಿಟ್ಕೊಳ್ಳುತ್ತೆ ಅಂತ ನಾವು ಅಳೀತೀವಿ. ಈ ಗೆರೆ ಅದೇ.”

“ಹೂಂ.”

“ಗೆರೆ ಒಂದೊಂದು ಕಡೆ ದೊಪ್ಪಂತ ಕೆಳಗೆ ಬಿದ್ದಿದೆ ನೋಡು. ಅಲ್ಲಿ ನೆನಪು ಬೇಗ ಸೋರಿಹೋಗುತ್ತೆ. ಲೋಹದ ಮೈಮೇಲೆ ಏನೋ ಸಣ್ಣಸಣ್ಣ ಹುಳುಕು ಇರ್ತವೆ, ಅದಕ್ಕೆ. ನಾವು ಗುಂಡಿ ಅಂತೀವಿ.”

“ಆಯ್ತು, ಗುಂಡಿ. ಮುಂದೆ?”

“ಯಂತ್ರಾನ ಒಂದು ಸಲ ಬಿಸಿ ಮಾಡಿ, ಮತ್ತೆ ತಣ್ಣಗೆ ಮಾಡಿದ್ರೆ ಗುಂಡಿಗಳು ಜಾಗ ಬದಲಾಯಿಸ್ತವೆ. ಮಲಗಿ ಎದ್ದವನ ತಲೆಗೂದಲು ನಿನ್ನೆ ಕೆದರಿದ ಹಾಗೇ ಇವತ್ತೂ ಕೆದರಿರುತ್ತಾ? ಹಾಗೆ.”

ಚಿಕ್ಕಮ್ಮ ತಲೆದೂಗಿದಳು. ಪೊಲೀಸರಿಗೆ ಬೆರಳಚ್ಚು ಗೊತ್ತು. ಇದೂ ಒಂದು ಥರದ ಬೆರಳಚ್ಚು.

ಕತೆ ಇಷ್ಟೇ. ಯಂತ್ರ ಒಂದು ಕಷ್ಟದ ಲೆಕ್ಕ ಬಿಡಿಸಿತ್ತು. ಮೊದಲ ಚಿತ್ರ ಆಗ ಅಳೆದದ್ದು. ಪ್ರಬಂಧವನ್ನು ಓದಿ ಒರೆಗೆ ಹಚ್ಚುವ ಪರದೇಶದ ವಿದ್ವಾಂಸರು, ಒಮ್ಮೆ ಆದದ್ದು ಆಕಸ್ಮಿಕ ಇರಬಹುದು, ಯಂತ್ರವನ್ನು ಪೂರ್ತಿ ಬಿಸಿ ಮಾಡಿ, ಮತ್ತೆ ತಣಿಸಿ, ಇನ್ನೊಮ್ಮೆ ಮಾಡಿ ತೋರಿಸಿ ಎಂದಿದ್ದರು. ಅದಕ್ಕೆ ವಾರಗಳೇ ಬೇಕು. ಆ ಹೊತ್ತಿಗೆ ಪುಟ್ಟಿ ಅಕ್ಕನ ಬಾಣಂತನಕ್ಕೆಂದು ರಜೆಯಲ್ಲಿದ್ದಳು. ವಾಪಸು ಬಂದಾಗ ಎರಡನೆಯ ಚಿತ್ರ ಸಿದ್ಧವಾಗಿತ್ತು. ಎಲ್ಲರೂ ಬೆನ್ನು ತಟ್ಟಿಕೊಂಡಿದ್ದರು. ಅವಳೂ ತಟ್ಟಿಸಿಕೊಂಡಿದ್ದಳು. ಪ್ರಬಂಧದ ಮೇಲೆ ಅವಳ ಹೆಸರೂ ಇತ್ತು.

ನಿನ್ನೆ ಸಂಜೆ ಸುಮ್ಮನೆ ಒಂದರ ಮೇಲೊಂದು ಚಿತ್ರ ಇಟ್ಟು ನೋಡಿದ್ದಳು. ಎರಡನೆಯ ಗೆರೆಗೆ ಯಾರೋ ಹೊಸ ನಡುಕ ಕೊಟ್ಟಿದ್ದರು, ಅಲ್ಲಲ್ಲಿ ಒಂದಿಷ್ಟು ಏರಿಸಿ ಇಳಿಸಿದ್ದರು. ಗುಂಡಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು. ರಸ್ತೆಗೆ ಹೊಸ ಮರಳು ಚೆಲ್ಲಿ ಹೊಸ ರಸ್ತೆ ಎಂದ ಹಾಗೆ.

ಇವತ್ತು ಬೆಳಗ್ಗೆಯಿಂದ ಅವಳೇ ಕೂತು ಅಳೆದ ಮೂರನೆಯ ಚಿತ್ರದಲ್ಲೂ ಅವೇ ಗುಂಡಿಗಳು.

“ಅಂದ್ರೆ ಯಂತ್ರ ಬಿಸಿಯೇ ಆಗಿಲ್ಲ,” ಎಂದಳು ಚಿಕ್ಕಮ್ಮ ನಿಧಾನವಾಗಿ.

“ಆಗಿಲ್ಲ. ಅದನ್ನ ಬಿಸಿ ಮಾಡೋದು, ತಣಿಸೋದು ಮಾಮನ ಕೆಲಸ. ತಾನು ಮಾಡಿಲ್ಲ ಅಂತ ಮಾಮನಿಗೆ ಗೊತ್ತಿತ್ತು.” ಚಳಿರಾಯನನ್ನು ಅವಳು ಮಾಮ ಎನ್ನುತ್ತಿದ್ದಳು. “ಸೋಮವಾರ ಯಾರನ್ನೋ ಕೇಳಿರ್ಬೇಕು.”

“ಯಾರನ್ನ?”

  ಪ್ರಬಂಧದಲ್ಲಿ ತನ್ನ ಹೆಸರಿನ ಪಕ್ಕ ಕೂತ ಹೆಸರುಗಳನ್ನೆಲ್ಲ ನೆನೆದರೆ ಪುಟ್ಟಿಗೆ, ಹಂಚಿಕೊಂಡು ಉಂಡ ತಟ್ಟೆಯ ತಳದಲ್ಲಿ ಜಿರಲೆ ಕಂಡ ಹಾಗಿತ್ತು.

ಬಾಗಿಲು ದೂಡಿಕೊಂಡು ಗಡ್ಡ ಬಂದ. ಪುಟ್ಟಿಯ ಜೊತೆಗೇ ಇಲ್ಲಿ ಸೇರಿದವನು, ಪಕ್ಕದ ಮೇಜಿನವನು. ಗಡ್ಡದ ತುದಿಯನ್ನು ಬಾಯಿಗೆ ಎಳೆದುಕೊಂಡು ಕಚ್ಚುವುದು ಅವನ ಅಭ್ಯಾಸ. ತುದಿ ಯಾವಾಗಲೂ ಒದ್ದೆ.

“ದೊಡ್ಡವರು ಕರೀತಿದಾರೆ ನಿನ್ನ. ಆ ಹೇಳಿಕೆ ಕಾಗದ ತಗೊಂಡು ಬರ್ಬೇಕಂತೆ.” ಪರದೆಯತ್ತ ಕಣ್ಣು ಹಾಯಿಸಿದ. “ಏನದು, ಬೆಳಿಗ್ಗೇನೇ ಅಳೀತಾ ಕೂತಿದ್ಯಾ? ಇನ್ನೂ ಯಾಕೆ? ಕೆಲಸ ಮುಗೀತಲ್ಲ, ಆರಾಮಾಗಿರೋದಲ್ವಾ?”

ಚಿಕ್ಕಮ್ಮನ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕಾಲ ಮೇಲಿತ್ತು. “ಎಲ್ಲಪ್ಪಾ ನಿನ್ನ ಹಳದಿ ದಾರದ ಬೂಟು? ನಿನ್ನೆ ಮೊನ್ನೆಯೆಲ್ಲ ಮದುಮಗನ ಹಾಗೆ ಹಾಕ್ಕೊಂಡು ತಿರುಗ್ತಿದ್ದೆ.”

ಅವನು ಚಿಪ್ ಮಾಡುವ ಕೋಣೆಯ ರಬ್ಬರ್ ಚಪ್ಪಲಿಯಲ್ಲಿದ್ದ. ಧೂಳು ಹೋಗಬಾರದೆಂದು ಆ ಕೋಣೆಯ ಒಳಗಷ್ಟೇ ಮೆಟ್ಟುವ ಚಪ್ಪಲಿ ಅದು. ಎಷ್ಟು ಜನರ ಬೆವರು ಕುಡಿದಿತ್ತೋ, ಹತ್ತಿರ ಬಂದರೆ ಮೂಗು ತಾನಾಗಿ ಮುಚ್ಚುತ್ತಿತ್ತು.

“ಒದ್ದೆಯಾಯ್ತು ಆಂಟಿ. ಒಣಗೋಕಿಟ್ಟಿದೀನಿ.”

“ಓಹೋ.” ಚಿಕ್ಕಮ್ಮ ಕಿಟಕಿಯತ್ತ ನೋಡಿದಳು. ಹೊರಗೆ ಬಿಸಿಲು ಕಾದ ಹಂಚಿನ ಹಾಗಿತ್ತು. 

ಗಡ್ಡ ಚಪ್ಪಲಿ ಪಟಪಟ ಬಡಿಯುತ್ತ ಮುಂದೆ ಹೋದ. ಇಬ್ಬರೂ ಹಿಂದೆ ನಡೆದರು. ದಾರಿಯಲ್ಲಿ ನೈಟ್ರೋಜನ್ ಕೋಣೆ. ಬಾಗಿಲಿಗೆ ಪಟ್ಟಿ ಕಟ್ಟಿದ್ದರು. ಗಾಜಿನಲ್ಲಿ ಇಣುಕಿದರೆ ಒಳಗೆ ಚಳಿರಾಯನ ಮೂರು ಕಾಲಿನ ಸ್ಟೂಲು ಕಾಣುತ್ತಿತ್ತು.

“ಮಾಮ ಇದನ್ನ ಒಳಗೆ ತಗೊಂಡು ಹೋಗ್ತಿರ್ಲಿಲ್ಲ,” ಎಂದಳು ಪುಟ್ಟಿ ತಗ್ಗಿದ ದನಿಯಲ್ಲಿ. “ಯಾವಾಗ್ಲೂ ಬಾಗಿಲಿಗೆ ಅಡ್ಡ ಇಟ್ಟು, ಬಾಗಿಲು ಪೂರ್ತಿ ತೆಗೆದೇ ಒಳಗೆ ಹೋಗ್ತಿದ್ದ. ನೈಟ್ರೋಜನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಾಯಿ, ಅದು ಒಳ್ಳೆ ಕಳ್ಳ, ಉಸಿರು ಕದ್ದಿದ್ದೂ ಗೊತ್ತಾಗಲ್ಲ ಅಂತಿದ್ದ.”

“ಗೊತ್ತು. ಸೋಮವಾರ ಸ್ಟೂಲು ಒಳಗಿತ್ತು, ಬಾಗಿಲು ಮುಚ್ಚಿತ್ತು.” ಚಿಕ್ಕಮ್ಮ ಕುಂಟುತ್ತಲೇ ಹೆಜ್ಜೆ ಹಾಕಿದಳು. “ಇನ್ನೊಂದು ವಿಷಯ. ಅವನ ಹೆಂಡತಿ ಬೆಳಗ್ಗೆ ಫೋನ್ ಮಾಡಿದ್ಳು. ನಿನ್ನೆಯಿಂದ ಆಸ್ಪತ್ರೇಲಿ ಅವಳನ್ನ ಒಳಗೇ ಬಿಡ್ತಿಲ್ವಂತೆ. ಗಾಜಿನಿಂದ್ಲೂ ನೋಡೋಕೆ ಬಿಡ್ತಿಲ್ಲ. ಯಾರು ಹೇಳಿದ್ದು ಅಂದ್ರೆ, ನಿಮ್ಮ ಸಂಸ್ಥೆಯಿಂದಲೇ ಅಪ್ಪಣೆ ಬಂದಿದೆ ಅಂತಾರಂತೆ.”

ಚಳಿರಾಯನ ಹೆಸರು ಬರೆದಿದ್ದ ಕಪಾಟಿನ ಮೇಲೆ ಆಗಲೇ ಬೇರೊಬ್ಬರ ಹೆಸರು ಅಂಟಿಸಿದ್ದರು. ಹಳೆಯ ಚೀಟಿ ಕಿತ್ತ ಗಾಯದಲ್ಲಿ ಅಂಟು ಇನ್ನೂ ಜಿಗುಟಾಗಿತ್ತು. ಪುಟ್ಟಿಯ ಬೆರಳು ತಾಗಿತು. ಬಟ್ಟೆಗೆ ಒರೆಸಿಕೊಂಡರೂ ಆ ಜಿಗುಟು ಹೋಗಲಿಲ್ಲ.

*

ದೊಡ್ಡವರ ಕೋಣೆಯಲ್ಲಿ ಹೂವಿನ ಸ್ಪ್ರೇ ಹೊಡೆದಿದ್ದರು. ಅದರಡಿಯಲ್ಲಿ ತಿಂದುಳಿದ ಮೊಟ್ಟೆಯ ನಾತ ಹಾಗೇ ಇತ್ತು. ಎರಡೂ ಸೇರಿ ಮೂರನೆಯದೇ ಒಂದು ವಾಸನೆ ಹುಟ್ಟಿತ್ತು.

ಅವರು ಪೆನ್ನಿನ ಟೊಪ್ಪಿಗೆಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಹೊರಗೆ ತೆಗೆದರು, ನೋಡಿದರು, ಅದನ್ನೇ ಪೆನ್ನಿಗೆ ಸಿಕ್ಕಿಸಿದರು. ಆ ಪೆನ್ನನ್ನು ಪುಟ್ಟಿಯ ಕಡೆ ಚಾಚಿದರು.

“ಬಾಮ್ಮಾ. ಸಹಿ ಮಾಡಿ ಕೊಟ್ಟುಬಿಡು. ಸಮಿತಿಯವರು ಊಟ ಮುಗಿಸಿ ಬಂದ್ಬಿಡ್ತಾರೆ.” ಆಮೇಲೆ ಚಿಕ್ಕಮ್ಮನನ್ನು ಕಂಡು ತುಟಿ ಅಗಲಿಸಿದರು. “ಓ, ಮೇಡಂ. ನೀವೂ ಬಂದ್ರಾ. ಪಾಪ, ಆ ಮನುಷ್ಯನ ಹೆಂಡತಿ ಕಡೆಯಿಂದ ಅಲ್ವಾ? ಕೂತ್ಕೊಳ್ಳಿ. ಚಹಾ ತರಿಸ್ಲಾ?”

“ಬೇಡ ಸರ್. ನಿಮ್ಮ ಕಪ್ಪಿನಲ್ಲಿರೋದೇ ಮೊನ್ನೆಯದು ಅನ್ಸುತ್ತೆ.”

ಕಪ್ಪಿನ ಚಹಾದ ಮೇಲೆ ಬೂದು ಕೆನೆ ಕಟ್ಟಿತ್ತು. ದೊಡ್ಡವರು ಅದನ್ನು ಪಕ್ಕಕ್ಕೆ ಸರಿಸಿದರು. ಗಡ್ಡ ಗೋಡೆಗೆ ಒರಗಿ ನಿಂತು ಗಡ್ಡ ಕಚ್ಚುತ್ತಿದ್ದ.

“ನಾನು ಸಹಿ ಹಾಕಲ್ಲ ಸರ್,” ಎಂದಳು ಪುಟ್ಟಿ.

“ಯಾಕಮ್ಮಾ?”

“ಮಾಮ ಅಲಾರಂ ಆರಿಸಿದ್ದನ್ನ ನಾನು ನೋಡಿಲ್ಲ.”

“ಅಲಾರಂ ಪೆಟ್ಟಿಗೆಗೆ ಬೀಗ ಇದೆ. ಬೀಗದ ಕೈ ಅವನ ಕೊರಳಲ್ಲಿ. ಯಂತ್ರದೊಳಗೆ ಗಾಳಿ ಬಿಡೋ ಕೆಂಪು ವಾಲ್ವಿಗೂ ಅದೇ ಬೀಗದ ಕೈ. ಅವನು ಬಿಟ್ರೆ ಇನ್ಯಾರು ತೆಗೀತಾರೆ? ನೀನು ನೋಡಿದ್ರೇನು, ಬಿಟ್ರೇನು. ಇದು ಬರೀ ಶಾಸ್ತ್ರ.”

“ಆ ಬೀಗದ ಕೈ ಈಗ ಎಲ್ಲಿದೆ?” ಎಂದಳು ಚಿಕ್ಕಮ್ಮ.

“ಅಂದ್ರೆ?”

“ಆಸ್ಪತ್ರೆಯವರು ಅವನ ಬಟ್ಟೆ, ವಾಚು, ಕನ್ನಡಕ ಎಲ್ಲ ಗಂಟು ಕಟ್ಟಿ ಹೆಂಡತಿಗೆ ಕೊಟ್ಟಿದ್ದಾರೆ. ನಾನೇ ಬಿಚ್ಚಿ ನೋಡ್ದೆ. ಬೀಗದ ಕೈ ಇರ್ಲಿಲ್ಲ. ಅವನು ಬಿದ್ದ ಮೇಲೆ ಯಾರೋ ಕೊರಳಿಂದ ತೆಗೆದಿದ್ದಾರೆ. ಉಸಿರಾಡ್ತಿದ್ದಾನೋ ಇಲ್ವೋ ಅಂತ ಮೂಗಿಗೆ ಬೆರಳಿಡೋ ಮೊದಲು ಕೊರಳಿಗೆ ಕೈ ಹಾಕಿದಾರೆ, ನೋಡಿ.”

 ದೂರದಿಂದ ಪಂಪಿನ ಚಿಯ್ಯ್, ಚಿಯ್ಯ್ ಕೇಳಿಸಿತು.

ಪುಟ್ಟಿ ತಂದಿದ್ದ ಮೂರು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. “ಇದು ಮೊದಲ ಸಲದ್ದು. ಇದು ಬಿಸಿ ಮಾಡಿ ತಣಿಸಿದ ಮೇಲಿನದ್ದು ಅಂತ ನಾವು ಕಳಿಸಿದ್ದು. ಇದು ಇವತ್ತಿನದ್ದು. ಗುಂಡಿಗಳು ನೋಡಿ ಸರ್.”

ದೊಡ್ಡವರು ಕನ್ನಡಕ ಹಣೆಯ ಮೇಲೆ ಏರಿಸಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ನಗುವಾಗ ಹಲ್ಲಿನ ಸಂದಿಯಲ್ಲಿ ಮೊಟ್ಟೆಯ ಹಳದಿ ಕಂಡಿತು.

“ಒಂದೇ ಕಡೆ ಇವೆ. ಅದಕ್ಕೇನೀಗ? ನಮ್ಮ ಚಿಪ್ ಅಷ್ಟು ಗಟ್ಟಿ, ಬಿಸಿಯಾದ್ರೂ ಅಲುಗಲ್ಲ ಅಂತ ಅರ್ಥ. ನಮ್ಮ ಲೋಹ ಅಷ್ಟು ಶುದ್ಧ. ಇದರ ಮೇಲೇ ನೀನು ಇನ್ನೊಂದು ಪ್ರಬಂಧ ಬರೀಬಹುದು!”

“ಶುದ್ಧವಾಗಿದ್ರೆ ಗುಂಡೀನೇ ಇರ್ತಿರ್ಲಿಲ್ಲ ಸರ್.”

ನಗು ಅರ್ಧಕ್ಕೆ ನಿಂತಿತು. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಒರೆಸುವ ಹಾಗೆ ಮಾಡಿ ತನ್ನ ನಗು ಒರೆಸಿಕೊಂಡಳು.

“ನೋಡಮ್ಮಾ,” ದೊಡ್ಡವರ ದನಿ ಬೆಣ್ಣೆಯಾಯಿತು. “ನಾನು ಆ ಯಂತ್ರ ಮುಟ್ಟಿ ಎಷ್ಟು ಕಾಲ ಆಯ್ತು? ಸಭೆ, ಸಮಿತಿ, ಭಾಷಣ ಅಂತ ಓಡಾಡೋನು ನಾನು. ಯಾರೋ ಚಿತ್ರ ತಂದು ಮೇಜಿನ ಮೇಲಿಟ್ರು. ಚೆನ್ನಾಗಿತ್ತು. ಕಳಿಸ್ದೆ. ಯಾರು ಅಳೆದ್ರು, ಯಾವಾಗ ಅಳೆದ್ರು ಅಂತ ನಾನು ಕೇಳೋಕೆ ಹೋಗಲ್ಲ.”

“ಯಾಕೆ ಕೇಳಲ್ಲ ಸರ್?”

“ಕೇಳಿದ್ರೆ ಗೊತ್ತಾಗಿಬಿಡುತ್ತಲ್ಲಮ್ಮಾ.”

ಇಷ್ಟು ಸಲೀಸಾಗಿ ಹೇಳಿದರು, ಆಕಳಿಸಿದ ಹಾಗೆ. ಪುಟ್ಟಿಗೆ ಮೈಮೇಲೆ ಹುಳ ಹರಿದಂತಾಯಿತು. ಈ ಮನುಷ್ಯನ ಒಂದು ಭಾಷಣ ಕೇಳಿ ಅವಳು ಈ ದಾರಿ ಹಿಡಿದಿದ್ದಳು. ಸತ್ಯ ಹೇಳುವುದಕ್ಕೆ ಪ್ರಕೃತಿ ನಾಚುತ್ತದೆ, ನಾವು ತಾಳ್ಮೆಯಿಂದ ಕಾಯಬೇಕು, ಎಂದಿದ್ದರು ಅವತ್ತು. ಅವಳು ಆ ಮಾತನ್ನು ಬರೆದು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಇವತ್ತು ಮನೆಗೆ ಹೋದ ತಕ್ಷಣ ಕಿತ್ತು ಬಿಸಾಡಬೇಕು. ಗೋಡೆಯ ಸುಣ್ಣ ಕಿತ್ತು ಬಂದರೂ ಚಿಂತೆಯಿಲ್ಲ.

“ಛೀ,” ಎಂದಳು. ಗಟ್ಟಿಯಾಗಿಯೇ ಬಂತು.

“ಏನಂದೆ?”

“ಛೀ ಅಂದೆ ಸರ್. ಒಬ್ಬ ಮನುಷ್ಯ ಉಸಿರಿಗೆ ಒದ್ದಾಡಿ ಬಿದ್ದಿದ್ದಾನೆ. ನಿಮಗೆ ಕಾಗದ ಮುಗಿಸೋ ಆತುರ.”

ದೊಡ್ಡವರು ಮೂರನೆಯ ಚಿತ್ರವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು, ಸತ್ತ ಇಲಿಯ ಬಾಲ ಹಿಡಿದ ಹಾಗೆ. “ಇದನ್ನ ನೀನು ಅಳೆದೆ ಅಂತೀಯ. ನೀನೇ ಕೂತು ಬರೆದೆ ಅಂತ ನಾನಂದ್ರೆ? ಸಹಿ ತಪ್ಪಿಸ್ಕೊಳ್ಳೋಕೆ ಈ ನಾಟಕ ಅಂತ ಸಮಿತಿ ಅಂದ್ರೆ? ಎರಡನೆಯದು ಕಳ್ಳ ಆದ್ರೆ ಮೂರನೆಯದೂ ಕಳ್ಳ. ನನ್ನ ಮಾತಿಗೆ ಬೆಲೆ ಜಾಸ್ತಿಯೋ, ನಿನ್ನ ಮಾತಿಗೋ?”

 ಇದು ನಿಜ. ಕಾಗದದ ಮೇಲಿನ ಗೆರೆ ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ.

“ಮಾತು ಯಾಕೆ ಸರ್, ಯಂತ್ರಾನೇ ಕೇಳೋಣ,” ಎಂದಳು ಚಿಕ್ಕಮ್ಮ. ಮೊಣಕಾಲು ನೀವಿಕೊಳ್ಳುತ್ತ, ಅಂಗಡಿಯಲ್ಲಿ ಉಪ್ಪು ಕೇಳುವವಳ ಹಾಗೆ ಹೇಳಿದಳು. “ಅದಿನ್ನೂ ತಣ್ಣಗಿದೆ. ನಾನು ಪೊಲೀಸ್ ಕಡೆಯಿಂದ, ಬೇರೆ ಸಂಸ್ಥೆಯಿಂದ, ಗೊತ್ತಿರೋ ನಾಲ್ಕು ಜನರನ್ನ ಕರೆಸ್ತೀನಿ. ಅವರ ಕಣ್ಣೆದುರಿಗೇ ಅಳೀಲಿ. ಗುಂಡಿಗಳು ಅಲ್ಲೇ ಇದ್ರೆ, ಯಂತ್ರ ಬಿಸಿಯಾಗಿಲ್ಲ. ಯಂತ್ರ ಬಿಸಿಯಾಗಿಲ್ಲ ಅಂದ್ರೆ, ಎರಡನೇ ಚಿತ್ರ ಸುಳ್ಳು. ಅದು ಸುಳ್ಳು ಅಂತ ಬಾಯಿ ಬಿಡಬಹುದಾಗಿದ್ದೋನು ಒಬ್ಬನೇ, ಅವನು ಸೋಮವಾರ ಬಿದ್ದ. ಆಮೇಲೆ ನಾನು ನಿಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸ್ತೀನಿ. ಯಂತ್ರ ತಣ್ಣಗಿರೋ ತನಕ ಸುಳ್ಳು ಎಲ್ಲೂ ಓಡಿಹೋಗಲ್ಲ.”

ದೊಡ್ಡವರ ಹಣೆಯಲ್ಲಿ ಬೆವರು ಮೂಡಿತು. ಅವರು ಮೊದಲ ಬಾರಿಗೆ ಗಡ್ಡನ ಕಡೆ ತಿರುಗಿದರು.

“ಏಯ್. ಆ ಎರಡನೇ ಚಿತ್ರ ತಂದಿಟ್ಟವನು ನೀನಲ್ವಾ?”

ಸಾಕಿದ ನಾಯಿಯನ್ನು ಹಾವಿನ ಮೇಲೆ ಬೀಳಲೆಂದು ಮುಂದೆ ತಳ್ಳುವವನ ದನಿ ಅದು. ಗಡ್ಡ ಬೆಚ್ಚಲಿಲ್ಲ. ಗೋಡೆಯ ಗಡಿಯಾರ ನೋಡಿದ.

“ಹೌದು ಸರ್. ನಾನೇ ತಂದಿಟ್ಟೆ. ನೀವೇ ತಾ ಅಂದಿದ್ರಿ.”

“ನಾನು ಚಿತ್ರ ತಾ ಅಂದೆ. ಕದ್ದು ತಾ ಅಂದ್ನಾ?”

“ಬಿಸಿ ಮಾಡಿ ತಣಿಸೋಕೆ ಟೈಮಿಲ್ಲ, ಆದ್ರೆ ಚಿತ್ರ ಬೇಕು ಅಂದ್ರಿ. ಮರ ಹತ್ತಬೇಡ, ಹಣ್ಣು ತಾ ಅಂದ್ರೆ ಏನು ಸರ್ ಅರ್ಥ?”

“ಥೂ! ಉಂಡ ಮನೆಗೆ—”

“ಉಣ್ಣಿಸಿದ್ದೇನು ಸರ್? ನೀವು ತಿಂದು ಬಿಟ್ಟ ಎಂಜಲು!”

ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತರು. ಚರಂಡಿಯ ಎರಡು ಬದಿಯಲ್ಲಿ ನಿಂತು, ನಾತ ನಿನ್ನ ಕಡೆಯಿಂದ ಬರುತ್ತಿದೆ ಎಂದು ಜಗಳವಾಡುವವರ ಹಾಗೆ. ಪುಟ್ಟಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೆ ಎದುರಿಗೆ ಮನುಷ್ಯರಿರಬೇಕು. ಹೋಗಿ ಕೈ ತೊಳೆದುಕೊಳ್ಳಬೇಕು ಎನಿಸಿತು, ಅಷ್ಟೇ. ಮೊಣಕೈ ತನಕ, ಸೋಪು ಹಚ್ಚಿ.

ಅವಳು ತಾನು ತಂದಿದ್ದ ಹೇಳಿಕೆಯ ಕಾಗದವನ್ನು ಎತ್ತಿಕೊಂಡಳು. ಅದನ್ನು ಹರಿಯಬೇಕು ಎಂದು ಎರಡೂ ಕೈ ಅಂಚಿಗೆ ಬಂದವು.

ಆಗ ಸದ್ದು ನಿಂತಿತು.

ಮೊದಲು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಕಿವಿಯೊಳಗೆ ಒಂದು ಬಿಲ ತೆರೆದ ಹಾಗೆ. ಹಗಲಿರುಳೂ ಇದ್ದ ಚಿಯ್ಯ್, ಚಿಯ್ಯ್ ಇಲ್ಲ. ಇಡೀ ಕಟ್ಟಡ ಉಸಿರು ಹಿಡಿದ ಹಾಗೆ.

“ಪಂಪು!” ಪುಟ್ಟಿ ಕಿರುಚಿದಳು. “ಯಾರೋ ಪಂಪು ನಿಲ್ಲಿಸಿದ್ರು! ಯಂತ್ರ ಬಿಸಿಯಾಗುತ್ತೆ, ಗುಂಡಿಗಳು ಹೋಗ್ತವೆ ಚಿಕ್ಕಮ್ಮ, ಎಲ್ಲ ಹೋಗುತ್ತೆ!”

ದೊಡ್ಡವರು ಬಾಯಿ ಕಳೆದು ನಿಂತಿದ್ದರು. ಅವರ ಗಾಬರಿ ನಟನೆಯಲ್ಲ. ಗಡ್ಡನೂ ಇಲ್ಲೇ ಇದ್ದಾನೆ, ಗೋಡೆಗೆ ಒರಗಿ. ಹಾಗಾದರೆ ಅಲ್ಲಿ ಯಾರು?

ಚಿಕ್ಕಮ್ಮ ಒಂದು ಕ್ಷಣ ಗಡ್ಡನ ಮುಖ ನೋಡಿದಳು. ಆ ಕೋಣೆಯಲ್ಲಿ ಬೆಚ್ಚಿಬೀಳದವನು ಅವನೊಬ್ಬನೇ. ಅವನು ಇನ್ನೂ ಗಡಿಯಾರ ನೋಡುತ್ತಿದ್ದ.

“ಓಡು ಪುಟ್ಟಿ. ನನ್ನ ಕಾಯಬೇಡ.”

ಪುಟ್ಟಿ ಓಡಿದಳು. ಕೈಯಲ್ಲಿ ಹರಿಯದ ಕಾಗದ ಹಾಗೇ ಇತ್ತು. ಕಪಾಟುಗಳು, ಪಟ್ಟಿ ಕಟ್ಟಿದ ಬಾಗಿಲು, ಮೂರು ಕಾಲಿನ ಸ್ಟೂಲು ಎಲ್ಲ ಹಿಂದೆ ಸರಿದವು. ಪಂಪು ನಿಂತರೂ ಇನ್ನೂ ಹೊತ್ತಿದೆ, ಮತ್ತೆ ಚಾಲೂ ಮಾಡಿದರೆ ಚಳಿ ಉಳಿಯುತ್ತದೆ. ಕೆಂಪು ವಾಲ್ವು ತಿರುಗಿದರೆ ಮಾತ್ರ ಮುಗಿಯಿತು. ಹೊರಗಿನ ಗಾಳಿ ನುಗ್ಗಿದ ಮೇಲೆ ಯಾವ ದೇವರು ಬಂದರೂ ಆ ಚಳಿ ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಬೀಗವಿದೆ. ಬೀಗದ ಕೈ ಯಾರ ಹತ್ತಿರವಿದೆಯೋ ಗೊತ್ತಿಲ್ಲ.

ಯಂತ್ರದ ಕೋಣೆಯ ಬಾಗಿಲು ತೆರೆದಿತ್ತು.

ಬಿಳಿಯ ಪೀಪಾಯಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಬೆನ್ನು ಮಾಡಿ ಬಗ್ಗಿ ನಿಂತಿದ್ದ. ಆಸ್ಪತ್ರೆಯ ತೆಳು ನೀಲಿ ಅಂಗಿ. ಹಿಂದೆ ಕಟ್ಟಿದ ದಾರ ಸಡಿಲಾಗಿ ಬೆನ್ನೆಲುಬು ಎಣಿಸುವಷ್ಟು ಕಾಣುತ್ತಿತ್ತು. ಮುಂಗೈಗೆ ಸೂಜಿ ಚುಚ್ಚಿದ ಕಡೆ ಹತ್ತಿ ಅಂಟಿತ್ತು, ಅದರ ಸುತ್ತ ರಕ್ತ ಒಣಗಿತ್ತು. ಕೊರಳಿನಿಂದ ಮುಂದಕ್ಕೆ ಜೋತುಬಿದ್ದ ದಾರದ ತುದಿಯಲ್ಲಿ ಬೀಗದ ಕೈ. ಬೀಗ ತೆರೆದು ನೆಲದ ಮೇಲೆ ಬಿದ್ದಿತ್ತು. ಅವನ ಬಲಗೈ ಕೆಂಪು ವಾಲ್ವಿನ ಮೇಲಿತ್ತು.

“ಮಾಮ?”

ಚಳಿರಾಯ ತಿರುಗಿದ. ಕಣ್ಣು ಗುಳಿ ಬಿದ್ದಿದ್ದವು. ಗುರುತು ಹಿಡಿದ ಕಣ್ಣು, ಎಚ್ಚರದ ಕಣ್ಣು. ಅವು ಮುಚ್ಚಿ ಮಲಗಿದ ಕಣ್ಣುಗಳಲ್ಲ. ಎಷ್ಟು ದಿನದಿಂದ ತೆರೆದಿದ್ದವೋ.

ಪುಟ್ಟಿಯ ನೋಟ ಕೆಳಗಿಳಿಯಿತು. ಅವನ ಕಾಲಿಗೆ ಒಂದೂವರೆಪಟ್ಟು ದೊಡ್ಡದಾದ ಬೂಟು. ಅದರ ದಾರ ಹಳದಿ. ನೀರಿನ ಒಂದು ಹನಿಯೂ ಅದಕ್ಕೆ ತಾಗಿರಲಿಲ್ಲ.

“ಮಾಮ, ಕೈ ತೆಗಿ. ನಿನಗೋಸ್ಕರ ನಾನು... ನೀನು ತಪ್ಪು ಮಾಡಿಲ್ಲ ಅಂತ ಹೇಳೋಕೆ ಇದೊಂದೇ ಸಾಕ್ಷಿ ಇರೋದು. ನಾನು ಸಹಿ ಹಾಕಿಲ್ಲ ಮಾಮ.”

ಅವನು ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದ. ಆಮೇಲೆ ಅವಳ ಮುಖವನ್ನು. 

“ಹಾಕ್ಬಿಡು ತಾಯಿ,” ಎಂದ ಚಳಿರಾಯ. “ಅದರಲ್ಲಿ ಬರೆದಿರೋದು ನಿಜ. ಅಲಾರಂ ಆರಿಸಿಡ್ತಿದ್ದವನು ನಾನೇ.”

ಎಂದು ವಾಲ್ವು ತಿರುಗಿಸಿದ.